ಮಗುವಿನ ರಕ್ತವರದಿಯನ್ನು ಓದುವುದು ಹೇಗೆ?

ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಎಂಬ ವೈರಸ್ ಒಮ್ಮೆಯಾದರೂ ತಗುಲಿರುತ್ತದೆ. ಬಹುಪಾಲು ಮಕ್ಕಳಿಗೆ ಅದು ಮೂಗು ಸೋರಿ, ಕೆಲವು ದಿನ ಕೆಮ್ಮಿ ಮುಗಿಯುವ ನೆಗಡಿ. ಕೆಲವರಿಗೆ ಮಾತ್ರ ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಂಡು, ಲೋಳೆ ಕಟ್ಟಿ, ಬ್ರಾಂಕಿಯೋಲೈಟಿಸ್ ಆಗುತ್ತದೆ. ಅವರಲ್ಲೂ ಕೆಲವರಿಗಷ್ಟೇ ಆಕ್ಸಿಜನ್ ಬೇಕಾಗುತ್ತದೆ. ಯಾವ ಮಗು ಯಾವ ಗುಂಪಿಗೆ ಸೇರೀತೆಂದು ಮೊದಲೇ ತಿಳಿಸುವ ಸುಳಿವು ರಕ್ತದಲ್ಲೋ ಮೂಗಿನ ದ್ರವದಲ್ಲೋ ಸಿಗಬಹುದೇ ಎಂಬ ಹುಡುಕಾಟ ಬಹಳ ಕಾಲದಿಂದ ನಡೆದಿದೆ. ಈ ಸುಳಿವುಗಳನ್ನೇ ರೋಗನಿರೋಧಕ ಸೂಚಕಗಳು ಎನ್ನುತ್ತಾರೆ. ಒಂದೆರಡು ಈಗಾಗಲೇ ಲ್ಯಾಬ್ ವರದಿಗೆ ಬಂದಿವೆ, ಉಳಿದವು ಸಂಶೋಧಕರ ಕೈಯಲ್ಲೇ ಇವೆ. ವರದಿ ತೆರೆದೊಡನೆ ದಪ್ಪಕ್ಷರದಲ್ಲಿ ‘ಹೆಚ್ಚು’ ಎಂದಿರುವ ಸಾಲಿಗೆ ಕಣ್ಣು ಹೋಗಿ ಹೆತ್ತವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಓದಬೇಕಾದ ಕ್ರಮ ಬೇರೆಯೇ ಇದೆ.

ಮೊದಲು ಉಸಿರು ಎಣಿಸಿ

ವರದಿಯನ್ನು ಪಕ್ಕಕ್ಕಿಡಿ. ಮಗು ನಿದ್ದೆಯಲ್ಲಿರುವಾಗ ಅಥವಾ ಅಳದೆ ಇರುವಾಗ ಅಂಗಿ ಮೇಲೆತ್ತಿ, ಎದೆ ಮತ್ತು ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಬೇಡ. ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ಸಾಗುವುದಿಲ್ಲ, ನಡುವೆ ತುಸು ತಡೆದು ಮತ್ತೆ ಓಡುತ್ತದೆ. ಹಾಗಾಗಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 2 ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, 2ರಿಂದ 11 ತಿಂಗಳಿನ ಮಗು 50 ಅಥವಾ ಹೆಚ್ಚು ಸಲ, 1ರಿಂದ 5 ವರ್ಷದೊಳಗಿನ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ವೇಗದ ಉಸಿರಾಟ.

ಎಣಿಸುವಾಗಲೇ ಇನ್ನೂ ಕೆಲವನ್ನು ಗಮನಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಕುಸಿಯುತ್ತಿದೆಯೇ? ಮೂಗಿನ ಹೊಳ್ಳೆಗಳು ಅರಳುತ್ತಿವೆಯೇ? ಉಸಿರು ಬಿಡುವಾಗ ನರಳಿದಂಥ ಸದ್ದು ಇದೆಯೇ? ಕುಡಿಯುವ ಹಾಲು ಎಂದಿನ ಅರ್ಧಕ್ಕೆ ಇಳಿದಿದೆಯೇ? ಇವುಗಳಲ್ಲಿ ಯಾವುದಿದ್ದರೂ ರಕ್ತದ ಅಂಕಿ ಎಷ್ಟೇ ಚೆನ್ನಾಗಿರಲಿ, ಆಸ್ಪತ್ರೆಗೆ ಹೊರಡಿ. ತುಟಿ ನೀಲಿಗಟ್ಟಿದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ ಅದು ತುರ್ತು. ಅವಧಿಗೆ ಮುನ್ನ ಹುಟ್ಟಿದ ಎಳೆಗೂಸುಗಳಲ್ಲಿ ಆರ್‌ಎಸ್‌ವಿಯ ಮೊದಲ ಲಕ್ಷಣವೇ ಹೀಗೆ ಉಸಿರು ತಡೆಯುವುದಾಗಿರಬಹುದು, ಕೆಮ್ಮು ಆಮೇಲೆ ಬರುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರ ಮಾರ್ಗಸೂಚಿಯಲ್ಲಿ ಬ್ರಾಂಕಿಯೋಲೈಟಿಸ್ ತೀವ್ರತೆಯನ್ನು ಮಗುವಿನ ವಿವರ ಕೇಳಿ, ಮೈ ಪರೀಕ್ಷಿಸಿ ಅಳೆಯಬೇಕು, ವಾಡಿಕೆಯಂತೆ ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸಬಾರದು ಎಂದಿದೆ. ಮಗುವಿನ ವಯಸ್ಸು ಮೂರು ತಿಂಗಳೊಳಗೇ, ಅವಧಿಗೆ ಮುನ್ನ ಹುಟ್ಟಿದೆಯೇ, ಹೃದಯ ಅಥವಾ ಶ್ವಾಸಕೋಶದ ಹಳೆಯ ತೊಂದರೆ ಇದೆಯೇ ಎಂದು ವೈದ್ಯರು ಮೊದಲಿಗೇ ಕೇಳುವುದು ಇದೇ ಕಾರಣಕ್ಕೆ.

ಕಾಯಿಲೆಯ ದಿನ ಎಷ್ಟನೆಯದು?

ರಕ್ತ ತೆಗೆದ ದಿನ ಮತ್ತು ಮೂಗು ಸೋರಲು ಶುರುವಾದ ದಿನ, ಎರಡನ್ನೂ ವರದಿಯ ಮೇಲೆ ಬರೆದುಕೊಳ್ಳಿ. ಬ್ರಾಂಕಿಯೋಲೈಟಿಸ್ ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದವರೆಗೆ ಏರಿ ಆಮೇಲೆ ಇಳಿಯುತ್ತದೆ. ಎರಡನೆಯ ದಿನದ ಒಳ್ಳೆಯ ವರದಿ ನಾಲ್ಕನೆಯ ದಿನಕ್ಕೆ ಜಾಮೀನು ನಿಲ್ಲುವುದಿಲ್ಲ.

ಉರಿಯೂತವಾದಾಗ ರಕ್ತದಲ್ಲಿ ಹೆಚ್ಚುವ ಸಿಆರ್‌ಪಿ ಎಂಬ ಪ್ರೊಟೀನಿಗೂ ತನ್ನದೇ ವೇಳಾಪಟ್ಟಿ ಇದೆ. ಉರಿಯೂತ ಆರಂಭವಾದ ಆರೇಳು ಗಂಟೆಗೆ ಅದು ಏರತೊಡಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ದೂರವಾದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಆದ್ದರಿಂದಲೇ ಅನುಭವಿ ವೈದ್ಯರು ಒಂದು ಅಂಕಿಗಿಂತ ಎರಡು ಅಂಕಿಗಳ ನಡುವಿನ ಇಳಿಜಾರನ್ನು ಹೆಚ್ಚು ನಂಬುತ್ತಾರೆ.

ಅಳತೆ ಮತ್ತು ವಯಸ್ಸಿನ ಸಾಲು

ಒಂದು ಲ್ಯಾಬ್ ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತದೆ, ಇನ್ನೊಂದು ಡೆಸಿಲೀಟರಿಗೆ ಕೊಡುತ್ತದೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ನಿನ್ನೆ 40 ಇದ್ದದ್ದು ಇಂದು ಬೇರೆ ಲ್ಯಾಬಿನಲ್ಲಿ 4 ಆಗಿದೆ ಎಂದು ಹಿಗ್ಗುವ ಮೊದಲು ಅಂಕಿಯ ಪಕ್ಕದ ಅಳತೆ ನೋಡಿ. ಅದು ಕದಲದೆ ನಿಂತಿರಬಹುದು.

ಬಿಳಿ ರಕ್ತಕಣಗಳ ಸಾಲಿನಲ್ಲೂ ಇಂಥದೇ ಗೊಂದಲ. ವಯಸ್ಕರಲ್ಲಿ ನ್ಯೂಟ್ರೊಫಿಲ್‌ಗಳದ್ದೇ ಬಹುಮತ. ಹುಟ್ಟಿದ ಮೊದಲ ಕೆಲವು ದಿನ ಬಿಟ್ಟರೆ ಸುಮಾರು ನಾಲ್ಕೈದು ವರ್ಷದವರೆಗೆ ಮಕ್ಕಳಲ್ಲಿ ಲಿಂಫೊಸೈಟ್‌ಗಳೇ ಹೆಚ್ಚು. ವರದಿಯಲ್ಲಿ ದೊಡ್ಡವರ ಮಿತಿ ಅಚ್ಚಾಗಿದ್ದರೆ ಆರೋಗ್ಯವಂತ ಮಗುವಿನ ಲಿಂಫೊಸೈಟ್ ಮುಂದೆಯೂ ‘ಹೆಚ್ಚು’ ಎಂಬ ಗುರುತು ಬೀಳುತ್ತದೆ.

ಯಾವ ಸೂಚಕ ಯಾವ ಪ್ರಶ್ನೆಗೆ ಉತ್ತರ?

ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿ. ಸಿಆರ್‌ಪಿ ಪತ್ತೆಯಾದದ್ದು 1930ರಲ್ಲಿ, ನ್ಯೂಮೊಕಾಕಸ್ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಆಗಿದ್ದ ರೋಗಿಗಳ ರಕ್ತದಲ್ಲಿ. ರಕ್ತದಲ್ಲಿ ಅಳೆಯುವ ಇನ್ನೊಂದು ಪ್ರೊಟೀನ್ ಆದ ಪ್ರೊಕ್ಯಾಲ್ಸಿಟೋನಿನ್‌ಗೂ ಬ್ಯಾಕ್ಟೀರಿಯಾ ಸೋಂಕಿಗೂ ಇರುವ ನಂಟನ್ನು ಫ್ರಾನ್ಸಿನ ಸಂಶೋಧಕರು ತೋರಿಸಿದ್ದು 1993ರಲ್ಲಿ. ವೈರಸ್ ಸೋಂಕಿನಲ್ಲಿ ಹೆಚ್ಚುವ ಗಾಮಾ ಇಂಟರ್‌ಫೆರಾನ್ ಎಂಬ ರೋಗನಿರೋಧಕ ಪ್ರೊಟೀನ್ ಪ್ರೊಕ್ಯಾಲ್ಸಿಟೋನಿನ್ ಉತ್ಪಾದನೆಗೆ ಕಡಿವಾಣ ಹಾಕುತ್ತದೆ. ಹಾಗಾಗಿ ವೈರಸ್ಸೋ ಬ್ಯಾಕ್ಟೀರಿಯಾವೋ ಎಂಬ ಪ್ರಶ್ನೆಗೆ ಅದು ಸಿಆರ್‌ಪಿಗಿಂತ ತುಸು ಚುರುಕಾಗಿ ಉತ್ತರಿಸುತ್ತದೆ. ನವಜಾತ ಶಿಶುವಿನಲ್ಲಿ ಮಾತ್ರ ಮೊದಲೆರಡು ದಿನ ಅದು ಸೋಂಕಿಲ್ಲದೆಯೂ ಏರಿರುತ್ತದೆ.

ಕಾಯಿಲೆ ಎಷ್ಟು ತೀವ್ರ ಎಂಬ ಪ್ರಶ್ನೆಯೇ ಬೇರೆ. ಆಕ್ಸಿಜನ್ ಮೇಲಿರುವ ಆರ್‌ಎಸ್‌ವಿ ಮಗುವಿನ ಸಿಆರ್‌ಪಿ ಬಹುತೇಕ ಸಹಜವಾಗಿರಬಹುದು. ಅಡಿನೋವೈರಸ್ ತಗುಲಿದ ಮಗು ಆಟವಾಡಿಕೊಂಡಿದ್ದರೂ ಸಿಆರ್‌ಪಿ, ಬಿಳಿ ರಕ್ತಕಣ ಎರಡೂ ಬ್ಯಾಕ್ಟೀರಿಯಾ ಸೋಂಕನ್ನು ನೆನಪಿಸುವಷ್ಟು ಏರಬಹುದು. ಎಂಎಕ್ಸ್‌ಎ ಎಂಬ ಪ್ರೊಟೀನ್ ದೇಹ ವೈರಸ್ಸಿನೊಡನೆ ಸೆಣಸುತ್ತಿದೆ ಎಂದು ಹೇಳುತ್ತದೆ, ಯಾರ ಕೈ ಮೇಲಾಗಿದೆ ಎಂಬುದನ್ನಲ್ಲ.

ತೀವ್ರತೆಯ ಹುಡುಕಾಟದಲ್ಲಿ ಸಂಶೋಧಕರ ಕಣ್ಣು ನೆಟ್ಟಿರುವುದು ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8, ಐಪಿ-10 ಮೊದಲಾದವುಗಳ ಮೇಲೆ, ಅಂದರೆ ಜೀವಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ಪ್ರೊಟೀನ್‌ಗಳ ಮೇಲೆ. ಇಂಟರ್‌ಫೆರಾನ್ ಜೀವಕೋಶ ಕೂಗುವ ಮೊದಲ ಎಚ್ಚರಿಕೆ. ಇಂಟರ್‌ಲ್ಯೂಕಿನ್-8 ನ್ಯೂಟ್ರೊಫಿಲ್‌ಗಳನ್ನು ಕರೆತರುತ್ತದೆ. ತೀವ್ರ ಬ್ರಾಂಕಿಯೋಲೈಟಿಸ್‌ನಲ್ಲಿ ಶ್ವಾಸನಾಳಕ್ಕೆ ನುಗ್ಗುವ ಕಣಗಳಲ್ಲಿ ಇವೇ ಅಧಿಕ, ನಾಳ ಕಟ್ಟಿಕೊಳ್ಳುವುದರಲ್ಲಿ ಇವುಗಳ ಪಾಲೂ ಇದೆ. ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಜಾಹೀರಾತಿನ ಮಾತು ಇಲ್ಲಿ ನಿಲ್ಲುವುದಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿಗೆಂದು ಫಾರ್ಮಲಿನ್ ಬಳಸಿ ತಯಾರಿಸಿದ ಪ್ರಾಯೋಗಿಕ ಲಸಿಕೆ ಪಡೆದ ಮಕ್ಕಳಿಗೆ ಮುಂದೆ ಸೋಂಕು ತಗುಲಿದಾಗ ಕಾಯಿಲೆ ಇನ್ನಷ್ಟು ಉಲ್ಬಣಿಸಿತು, ಇಬ್ಬರು ಮಕ್ಕಳು ತೀರಿಕೊಂಡರು. ತಪ್ಪು ದಿಕ್ಕಿನ ಪ್ರತಿಕ್ರಿಯೆ ವೈರಸ್ಸಿಗಿಂತ ಅಪಾಯಕಾರಿಯಾಗಬಲ್ಲದು.

ಕೊರತೆಯೂ ಅಷ್ಟೇ ಅಪಾಯ. ಮಾರಣಾಂತಿಕ ಇನ್‌ಫ್ಲುಯೆಂಜಾ ಆಗಿದ್ದ ಮಗುವೊಂದರಲ್ಲಿ ಐಆರ್‌ಎಫ್7 ಎಂಬ ಜೀನ್ ಕೆಟ್ಟು, ಇಂಟರ್‌ಫೆರಾನ್ ಸಾಕಷ್ಟು ಹುಟ್ಟುತ್ತಿರಲಿಲ್ಲ ಎಂಬುದು 2015ರಲ್ಲಿ ಪ್ರಕಟವಾಯಿತು. ಇದು ಅಪರೂಪದ ಸಂಗತಿ. ಆದರೆ ಒಂದೇ ಸೂಚಕ ಒಂದು ಅಧ್ಯಯನದಲ್ಲಿ ‘ಹೆಚ್ಚಿದ್ದರೆ ಕೆಟ್ಟದ್ದು’, ಇನ್ನೊಂದರಲ್ಲಿ ‘ಕಡಿಮೆಯಿದ್ದರೆ ಕೆಟ್ಟದ್ದು’ ಎಂದು ಕಾಣಿಸಿಕೊಳ್ಳಬಹುದಾದ ಕಾರಣ ಇದರಿಂದ ಅರ್ಥವಾಗುತ್ತದೆ. ಯಾವ ದಿನ ಅಳೆದರು, ಮೂಗಿನಲ್ಲಿ ಅಳೆದರೋ ರಕ್ತದಲ್ಲೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ.

‘ಶೇ 90ರಷ್ಟು ನಿಖರ’ ಎಂಬ ಸುದ್ದಿ ಓದಿದಾಗ

ಪೆನ್ನು ಹಿಡಿದು ಲೆಕ್ಕ ಹಾಕಿ. ನೆಗಡಿ–ಕೆಮ್ಮಿನ 1000 ಮಕ್ಕಳಲ್ಲಿ 20 ಮಕ್ಕಳಿಗೆ ಕಾಯಿಲೆ ತೀವ್ರವಾಗುತ್ತದೆ ಎಂದುಕೊಳ್ಳೋಣ. ಪರೀಕ್ಷೆ ತೀವ್ರವಾಗುವವರಲ್ಲಿ ಶೇ 90ರಷ್ಟನ್ನು ಹಿಡಿಯುತ್ತದೆ, ಆಗದವರಲ್ಲಿ ಶೇ 90ರಷ್ಟನ್ನು ಸರಿಯಾಗಿ ಬಿಡುತ್ತದೆ. ಆಗ 20ರಲ್ಲಿ 18 ಸಿಕ್ಕಿಬೀಳುತ್ತವೆ. ಉಳಿದ 980ರಲ್ಲಿ 98 ಮಕ್ಕಳಿಗೂ ‘ಅಪಾಯ’ದ ಮುದ್ರೆ ಬೀಳುತ್ತದೆ. ಒಟ್ಟು 116 ಹೆತ್ತವರು ಗಾಬರಿಯಾದರೆ ಅವರಲ್ಲಿ ಗಾಬರಿಗೆ ಕಾರಣವಿರುವವರು 18 ಮಂದಿ. ಇನ್ನೊಂದು ಬದಿಯಲ್ಲಿ ‘ಅಪಾಯವಿಲ್ಲ’ ಎನಿಸಿಕೊಂಡ 884 ಮಕ್ಕಳಲ್ಲಿ ತಪ್ಪಿಹೋಗುವುದು 2 ಮಾತ್ರ. ಇಂಥ ಪರೀಕ್ಷೆ ಮುಂದೆ ಬಂದರೆ ಅದರ ನಿಜವಾದ ಉಪಯೋಗ ಮಗುವನ್ನು ಮನೆಗೆ ಕಳುಹಿಸುವ ಧೈರ್ಯ ಕೊಡುವುದರಲ್ಲಿದೆ ಎಂದು ನನ್ನ ಅಂದಾಜು.

ವೈದ್ಯರನ್ನು ಕೇಳಬೇಕಾದ್ದು

ರಕ್ತಪರೀಕ್ಷೆಯೇ ಬೇಡವೆಂದು ಇದರ ಅರ್ಥವಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ವೈದ್ಯರು ತಡಮಾಡದೆ ನೋಡಬೇಕು. ಅಲ್ಲಿ ರಕ್ತ, ಮೂತ್ರದ ಪರೀಕ್ಷೆಗಳಿಗೆ ಬಲವಾದ ಕಾರಣವಿದೆ. ಇಳಿದ ಜ್ವರ ಮತ್ತೆ ಏರಿದರೆ ಬ್ಯಾಕ್ಟೀರಿಯಾ ಜೊತೆಗೂಡಿತೇ ಎಂದು ನೋಡಬೇಕಾಗುತ್ತದೆ. ಕೋವಿಡ್ ಆಗಿ ಎರಡರಿಂದ ಆರು ವಾರಗಳ ನಂತರ ಜ್ವರ, ಹೊಟ್ಟೆನೋವು, ದದ್ದು, ಕೆಂಗಣ್ಣು ಕಾಣಿಸಿದರೆ ಸಿಆರ್‌ಪಿ, ಫೆರಿಟಿನ್ (ಉರಿಯೂತದ ಇನ್ನೊಂದು ಸೂಚಕ), ಡಿ-ಡೈಮರ್ (ರಕ್ತ ಹೆಪ್ಪುಗಟ್ಟುವಿಕೆಯ ಸುಳಿವು) ಅಂಕಿಗಳಿಗೆ ತೂಕವಿದೆ.

ಉಳಿದ ಸಂದರ್ಭಗಳಲ್ಲಿ ಪರೀಕ್ಷೆ ಬರೆದಾಗ ಒಂದು ಪ್ರಶ್ನೆ ಸಾಕು: ‘ಡಾಕ್ಟರೇ, ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಬದಲಾಗುತ್ತದೆ ಎಂದರೆ ಹೇಗೆ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲ ಎಂದರೆ, ಮಗುವಿಗೆ ಸೂಜಿ ಚುಚ್ಚುವುದನ್ನು ತಪ್ಪಿಸಬಹುದೇ ಎಂದು ಸಂಕೋಚವಿಲ್ಲದೆ ವಿಚಾರಿಸಿ.