ಡಿಪಾಸಿಟ್ ಕೊಡುವ ಮೊದಲು ಏರಿಯಾ ಸುರಕ್ಷಿತವೇ ಎಂದು ನೋಡುವುದು ಹೇಗೆ?

ಮುಂಬಯಿಯಲ್ಲಿ ಮನೆ ಬದಲಿಸುವವರು ಬಾಡಿಗೆ, ನೀರು, ಸ್ಟೇಷನ್ನಿನ ದೂರ ಎಲ್ಲವನ್ನೂ ವಿಚಾರಿಸುತ್ತಾರೆ. ಸುರಕ್ಷತೆಯ ಮಾತು ಬಂದಾಗ ಮಾತ್ರ ಬ್ರೋಕರ್ ಹೇಳುವ ‘ಏಕದಂ ಫ್ಯಾಮಿಲಿ ಏರಿಯಾ’ವನ್ನೋ, ಕನ್ನಡ ಸಂಘದ ಹಿರಿಯರೊಬ್ಬರ ‘ಅಲ್ಲಿಗೆ ಮಾತ್ರ ಬೇಡ ಮಾರಾಯ್ರೆ’ ಎಂಬ ಮಾತನ್ನೋ ನಂಬಿಬಿಡುತ್ತೇವೆ. ಮೊದಲನೆಯವನಿಗೆ ದಲಾಲಿ ಹಣ ಬೇಕು. ಎರಡನೆಯವರ ಮಾತಿನಲ್ಲಿ ಎಷ್ಟೋ ಸಲ ಕಳ್ಳತನದ ಭಯಕ್ಕಿಂತ ಅಲ್ಲಿ ಯಾವ ಜನ ಇದ್ದಾರೆಂಬ ಅಸಮಾಧಾನವೇ ಹೆಚ್ಚು. ಗೋವಾದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಕೂಲಿಕಾರರಿಗೆ ‘ಘಾಟಿ’ (ಘಟ್ಟದಾಚೆಯವರು) ಎಂಬ ಹೀಯಾಳಿಕೆಯ ಹಣೆಪಟ್ಟಿ ಹಚ್ಚುವುದನ್ನು ಕಂಡ ಕನ್ನಡಿಗರಿಗಾದರೂ ಇದು ಅರ್ಥವಾಗಬೇಕು.

ಮೊದಲು ಠಾಣೆ ಯಾವುದೆಂದು ತಿಳಿಯಿರಿ

ನಮ್ಮ ಬಾಯಲ್ಲಿ ಎಲ್ಲವೂ ‘ಬೊಂಬಾಯಿ’ಯೇ. ಆದರೆ ಮುಂಬಯಿ ಪೊಲೀಸರ ವ್ಯಾಪ್ತಿ ಪಶ್ಚಿಮದಲ್ಲಿ ದಹಿಸರ್‌ಗೆ, ಪೂರ್ವದಲ್ಲಿ ಮುಲುಂಡ್‌ಗೆ ಮುಗಿಯುತ್ತದೆ. ಡೊಂಬಿವಲಿ, ಕಲ್ಯಾಣ್ ಥಾಣೆ ನಗರದ ಪೊಲೀಸ್ ಕಮಿಷನರೇಟಿಗೆ ಸೇರಿವೆ. ಮೀರಾರೋಡ್, ವಸಾಯಿ, ವಿರಾರ್‌ಗಳಿಗೆ 2020ರಿಂದ ಬೇರೆಯೇ ಕಮಿಷನರೇಟ್ ಇದೆ. ನವಿ ಮುಂಬಯಿಗೂ ಅದರದೇ ಇದೆ. ಡೊಂಬಿವಲಿ ಒಂದನ್ನೇ ತೆಗೆದುಕೊಂಡರೂ ಪಶ್ಚಿಮಕ್ಕೆ ವಿಷ್ಣುನಗರ ಠಾಣೆಯಾದರೆ, ಪೂರ್ವದಲ್ಲಿ ಟಿಳಕನಗರ, ಮಾನ್‌ಪಾಡಾ ಹೀಗೆ ಹಂಚಿಹೋಗಿದೆ. ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಇಡೀ ನಗರದ ಅಂಕಿ ನಿಮ್ಮ ಗಲ್ಲಿಗೆ ಹೊಂದದು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ‘ಕ್ರೈಮ್ ಇನ್ ಇಂಡಿಯಾ’ ವರದಿಯಲ್ಲಿ ಮುಂಬಯಿ, ಪುಣೆಯಂಥ ಮಹಾನಗರಗಳ ಲೆಕ್ಕವಿದೆ. ಅಪರಾಧ ಪ್ರಮಾಣವೆಂದರೆ ಲಕ್ಷ ಜನರಿಗೆ ಎಷ್ಟು ಪ್ರಕರಣ ದಾಖಲಾದವು ಎಂಬುದು. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸುತ್ತಾರೆ. ದಾಖಲಾಗುವ ಪ್ರಕರಣ ಹೆಚ್ಚಿದ ಮಾತ್ರಕ್ಕೆ ಅಪರಾಧವೇ ಹೆಚ್ಚಿತೆಂದು ತಿಳಿಯಬೇಡಿ ಎಂದು ಬ್ಯೂರೊ ತಾನೇ ಎಚ್ಚರಿಸುತ್ತದೆ. ದೂರು ಬರೆದುಕೊಳ್ಳುವ ಠಾಣೆಯ ಅಂಕಿ ಏರುತ್ತದೆ, ಜನರನ್ನು ಹಿಂದಕ್ಕೆ ಕಳಿಸುವ ಠಾಣೆಯ ಅಂಕಿ ಚೆಂದ ಕಾಣುತ್ತದೆ.

ಇನ್ನೊಂದು ತೊಡಕು ಜನಸಂಖ್ಯೆಯದು. ಕೋಟೆ (ಫೋರ್ಟ್), ದಾದರ್‌ನಂಥ ಕಡೆ ಹಗಲು ಓಡಾಡುವವರು ಎಷ್ಟೋ ಪಟ್ಟು, ರಾತ್ರಿ ಮಲಗುವವರು ಕಡಿಮೆ. ಅಲ್ಲಿ ಕಳೆದ ಪಾಕೀಟುಗಳನ್ನು ಅಲ್ಲಿನ ನಿವಾಸಿಗಳ ತಲೆಗೆ ಭಾಗಿಸಿದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ.

ಎಫ್‌ಐಆರ್‌ಗಳನ್ನು ನೀವೇ ಓದಿ

ಹೆಚ್ಚಿನವರಿಗೆ ಗೊತ್ತಿಲ್ಲದ, ಅತ್ಯಂತ ಉಪಯುಕ್ತ ಹೆಜ್ಜೆ ಇದು. ದಾಖಲಾದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಮಹಾರಾಷ್ಟ್ರ ಪೊಲೀಸರ ಸಿಟಿಜನ್ ಪೋರ್ಟಲ್‌ನಲ್ಲಿ ‘ಪಬ್ಲಿಶ್ಡ್ ಎಫ್‌ಐಆರ್’ ವಿಭಾಗ ತೆರೆದು ಕಮಿಷನರೇಟ್, ಠಾಣೆ, ತಾರೀಕು ಆರಿಸಿಕೊಳ್ಳಿ. ಬರಹ ಮರಾಠಿಯಲ್ಲಿರುತ್ತದೆ, ಬೋರ್ಡು ಓದುವಷ್ಟು ಮರಾಠಿ ಬಂದರೆ ಸಾಕು, ಸೆಕ್ಷನ್ ಸಂಖ್ಯೆಯೇ ಮುಕ್ಕಾಲು ಕಥೆ ಹೇಳುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 303 ಕಳ್ಳತನ, 304 ಸರಗಳ್ಳತನದಂತೆ ಕಿತ್ತುಕೊಂಡು ಓಡುವುದು, 305 ಮನೆಯೊಳಗಿನ ಕಳವು, 331 ಮನೆಗೆ ಕನ್ನ, 309 ದರೋಡೆ, 318 ವಂಚನೆ. ಎಷ್ಟಿವೆ ಎಂದು ಎಣಿಸುತ್ತ ಕೂರಬೇಡಿ. ಯಾವ ರಸ್ತೆ, ಎಷ್ಟು ಗಂಟೆ ಎಂಬುದನ್ನು ಗುರುತಿಸಿಕೊಳ್ಳಿ. ಐವತ್ತು ಎಫ್‌ಐಆರ್‌ಗಳಲ್ಲಿ ಅರ್ಧಕ್ಕರ್ಧ ಆನ್‌ಲೈನ್ ವಂಚನೆಯದ್ದಾದರೆ ಅದಕ್ಕೂ ಗಲ್ಲಿಗೂ ಸಂಬಂಧವೇ ಇಲ್ಲ. ಅಂಥ ಮೋಸಕ್ಕೆ 1930ಕ್ಕೆ ತಕ್ಷಣ ಕರೆ ಮಾಡಬೇಕು, ಮನೆ ಎಲ್ಲಿದ್ದರೂ ಸರಿ. ಅದರ ಬದಲು ಒಂದೇ ರಸ್ತೆಯಲ್ಲಿ ಸಂಜೆ ಏಳರ ಹೊತ್ತಿಗೆ ಮೂರು ಸರಗಳ್ಳತನವಾಗಿದ್ದರೆ ಯೋಚಿಸಬೇಕಾದ್ದೇ.

ಈ ಪಟ್ಟಿಯಲ್ಲಿ ಕಾಣಿಸದ್ದೂ ಇದೆ. ಲೈಂಗಿಕ ಅಪರಾಧ, ಪೋಕ್ಸೊ ಪ್ರಕರಣಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ, ಹಾಕಲೂಬಾರದು. ಸಣ್ಣಪುಟ್ಟ ಜಗಳ, ಬೈಗುಳ, ಬೆದರಿಕೆ ‘ಎನ್‌ಸಿ’ (ನಾನ್ ಕಾಗ್ನಿಜಬಲ್, ಎಫ್‌ಐಆರ್ ಆಗದ ದೂರು) ಎಂದು ಬೇರೆ ಪುಸ್ತಕಕ್ಕೆ ಹೋಗುತ್ತವೆ. ಲೋಕಲ್ ರೈಲಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ಮೊಬೈಲ್ ಹೋದರೆ ಅದು ರೈಲ್ವೆ ಪೊಲೀಸರ ಲೆಕ್ಕ. ಸಿಮ್ ಬೇಗ ಸಿಗಲೆಂದು ಕಳವನ್ನು ‘ಗಹಾಳ’, ಅಂದರೆ ಎಲ್ಲೋ ಕಳೆದುಹೋಯಿತೆಂದು ಬರೆಸಿ ಬರುವವರೂ ಕಡಿಮೆಯಿಲ್ಲ. ಹೆಂಗಸರ ಓಡಾಟ ಎಷ್ಟು ನಿರಾಳ ಎಂಬುದಂತೂ ಪೋರ್ಟಲ್‌ನಿಂದ ತಿಳಿಯುವುದೇ ಇಲ್ಲ.

ಅದಕ್ಕೆ ನಡೆದೇ ನೋಡಬೇಕು

ಬ್ರೋಕರ್ ಭಾನುವಾರ ಬೆಳಗ್ಗೆ ಮನೆ ತೋರಿಸುತ್ತಾನೆ. ನೀವು ವಾರದ ನಡುವೆ, ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಮರಳುವವರ ಹೊತ್ತಿಗೆ, ಸ್ಟೇಷನ್ನಿನಿಂದ ಗೇಟಿನವರೆಗೆ ನಡೆಯಿರಿ. ತಡವಾಗಿ ಬರುವುದು ಮಗಳು ಅಥವಾ ಸೊಸೆಯಾದರೆ ಅವರೇ ನಡೆದು ಹೇಳಲಿ. ಗಂಡಸರ ಕಣ್ಣಿಗೆ ಬೀಳದ್ದು ಅವರಿಗೆ ಗೊತ್ತಾಗುತ್ತದೆ.

ಬೀದಿದೀಪ ಇದೆಯೇ ಎನ್ನುವುದಕ್ಕಿಂತ ಅದರಡಿ ಜನ ಇದ್ದಾರೆಯೇ ಎಂಬುದು ಮುಖ್ಯ. ತೆರೆದಿರುವ ಮೆಡಿಕಲ್, ವಡಾಪಾವ್ ಗಾಡಿ, ರಿಕ್ಷಾ ಸ್ಟ್ಯಾಂಡ್, ಊಟ ಮುಗಿಸಿ ಕಟ್ಟೆಯ ಮೇಲೆ ಕೂತ ಹೆಂಗಸರು ಕಂಡರೆ ಆ ರಸ್ತೆಯನ್ನು ಹತ್ತು ಜನ ನೋಡುತ್ತಿದ್ದಾರೆಂದೇ ಲೆಕ್ಕ. ಎರಡೂ ಬದಿ ಎತ್ತರದ ಕಾಂಪೌಂಡ್ ಗೋಡೆ ಇರುವ ‘ಪಾಶ್’ ರಸ್ತೆ ನನಗೆ ಚಾಳುಗಳ ಗಲಾಟೆಯ ಗಲ್ಲಿಗಿಂತ ಹೆಚ್ಚು ಅಂಜಿಕೆ ತರುತ್ತದೆ. ರಾತ್ರಿ ಖಾಲಿಯಾಗುವ ಸ್ಕೈವಾಕ್‌ಗಳಿಗೂ ಇದೇ ಮಾತು: ಕೆಳಗಿನ ರಸ್ತೆಯಲ್ಲಿ ಜನರಿದ್ದರೆ ಅದೇ ವಾಸಿ.

ಕಟ್ಟಡದೊಳಗೆ

ವಾಚ್‌ಮನ್ ರಾತ್ರಿ ಇರುತ್ತಾನೆಯೇ, ಟೆರೇಸ್ ಬಾಗಿಲಿನ ಕೀಲಿ ಯಾರ ಬಳಿ ಇದೆ ಎಂದು ಕೇಳಿ. ಸಿಸಿಟಿವಿ ಇದ್ದರೆ ಕಳೆದ ವಾರದ ರೆಕಾರ್ಡಿಂಗ್ ತೋರಿಸಿ ಎನ್ನಿ. ಎಷ್ಟೋ ಕಡೆ ಕ್ಯಾಮೆರಾ ಇರುತ್ತದೆ, ರೆಕಾರ್ಡಿಂಗ್ ಇರುವುದಿಲ್ಲ. ಬೇಸಿಗೆಯಲ್ಲೋ ಗಣಪತಿ ಹಬ್ಬಕ್ಕೋ ಇಡೀ ಮನೆ ಊರಿಗೆ ಹೊರಡುವವರು ನೆಲ ಮಹಡಿ ಮತ್ತು ಕೊನೆಯ ಮಹಡಿಯ ಗ್ರಿಲ್ಲನ್ನು ಎರಡು ಸಲ ನೋಡಬೇಕು.

ಒಪ್ಪಂದದ ಹೊತ್ತಿಗೆ

ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆಯ ಒಪ್ಪಂದ 11 ತಿಂಗಳದ್ದೇ ಆದರೂ ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ. ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಕೊಡಬೇಕಾದವರು ಮನೆ ಮಾಲೀಕರು, ಆನ್‌ಲೈನ್‌ನಲ್ಲೇ ಆಗುತ್ತದೆ. ‘ಅದೆಲ್ಲ ಬೇಡ, ನಾವು ನಂಬುತ್ತೇವೆ’ ಎನ್ನುವ ಮಾಲೀಕರು ಪಕ್ಕದ ಫ್ಲ್ಯಾಟಿಗೆ ಬಂದವರಿಗೂ ಹಾಗೆಯೇ ಅಂದಿರುತ್ತಾರೆ. ಪೊಲೀಸರಿಗೆ ವಿವರ ಕೊಟ್ಟಿದ್ದಕ್ಕೆ ಸಿಗುವ ರಸೀದಿಯ ಪ್ರತಿಯೊಂದನ್ನು ಕೇಳಿ ಇಟ್ಟುಕೊಳ್ಳಿ.