ಸೋರುವ ಕಿವಿಗೆ ಎಣ್ಣೆ ಹಾಕುವ ಮುನ್ನ

ಕಲಬುರಗಿ ಸೀಮೆಯ ಮನೆಗಳಲ್ಲಿ ಕೂಸು ಕಿವಿ ಹಿಡಿದುಕೊಂಡು ಅತ್ತರೆ ಮೊದಲು ಎಣ್ಣೆ ಕಾಯಿಸುತ್ತಾರೆ, ಅದಕ್ಕೆರಡು ಬಳ್ಳೊಳ್ಳಿ ಎಸಳು. ನನ್ನ ಅವ್ವನೂ ಹಾಗೇ ಹಾಕಿದವಳು. ಅಕ್ಕರೆಯೇನೋ ನಿಜ. ಆದರೆ ಕಿವಿಯ ತಮಟೆ ತೂತಾಗಿದ್ದರೆ ಆ ಎಣ್ಣೆ ನೇರ ಒಳಕ್ಕಿಳಿದು ಸೋಂಕು ಹೆಚ್ಚಿಸಬಹುದು. ತೂತು ಇದೆಯೋ ಇಲ್ಲವೋ ಎಂಬುದು ಮನೆಯಲ್ಲಿ ನೋಡಿದರೆ ತಿಳಿಯುವುದಿಲ್ಲ.

ಕೀವು ಬರುತ್ತಿದ್ದರೆ ಮೊದಲು ಕಿವಿ ಒಣಗಿಸಿ. ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ದೀಪದ ಬತ್ತಿಯಂತೆ ಹೊಸೆದು ಕಿವಿಯಲ್ಲಿ ಮೆಲ್ಲಗಿಡಿ. ಕೀವು ಹೀರಿ ಒದ್ದೆಯಾದ ಕೂಡಲೇ ತೆಗೆದು ಹೊಸದಿಡಿ. ಬತ್ತಿ ಒದ್ದೆಯಾಗದೆ ಹೊರಬರುವವರೆಗೂ ಹೀಗೇ, ದಿನಕ್ಕೆ ಕನಿಷ್ಠ 3 ಸಲ. ಕಡ್ಡಿ, ಪಿನ್ನು, ಇಯರ್ ಬಡ್ ಯಾವುದೂ ಬೇಡ. ಬತ್ತಿಯನ್ನು ಕಿವಿಯಲ್ಲೇ ಬಿಟ್ಟು ಮಲಗಿಸಬೇಡಿ.

ತಲೆಗೆ ಎರೆಯುವಾಗ ವ್ಯಾಸಲಿನ್ ಸವರಿದ ಹತ್ತಿ ಉಂಡೆಯನ್ನು ಕಿವಿಯ ಬಾಯಿಗಿಟ್ಟು, ಆಮೇಲೆ ತೆಗೆಯಿರಿ. ಬೇಸಿಗೆಯಲ್ಲಿ ಬಾವಿಗೆ ಜಿಗಿಯುವ ಹುಡುಗರನ್ನು ತಡೆಯುವುದು ಕಷ್ಟ. ಆದರೂ ಕಿವಿ ಗುಣವಾಗುವ ತನಕ ತಡೆಯಲೇಬೇಕು.

ಬತ್ತಿಯಿಂದ ಕೀವು ತೆಗೆಯಬಹುದು, ಸೋಂಕಿಗೆ ದವಾಖಾನೆಯೇ ಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು. ಅಲ್ಲಿ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಚೀಟಿ ಮಾಡಿಸಿ. ಎಷ್ಟು ದಿನದಿಂದ ಸೋರುತ್ತಿದೆ, ವಾಸನೆ ಇದೆಯೇ, ಏನೇನು ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಎಣ್ಣೆ ಹಾಕಿದ್ದರೆ ಅದನ್ನೂ. ಕಪಾಟಿನಲ್ಲಿ ಉಳಿದ ಹಳೆಯ ಡ್ರಾಪ್ಸ್ ಹಾಕಲೇಬೇಡಿ. ಕೆಲವು ಔಷಧ ತೂತಿನ ಮೂಲಕ ಒಳಗಿವಿ ಸೇರಿದರೆ ಕೇಳುವ ಶಕ್ತಿಗೇ ಪೆಟ್ಟು ಬೀಳಬಹುದು.

ಕಿವಿಯ ಹಿಂದೆ ಬಾವು ಬಂದರೆ, ಮುಖ ಒಂದು ಕಡೆ ವಾಲಿದರೆ, ಜ್ವರದ ಜೊತೆ ವಾಂತಿ ಅಥವಾ ತಲೆಸುತ್ತು ಇದ್ದರೆ, ದಿಢೀರನೆ ಒಂದು ಕಿವಿ ಕೇಳದಾದರೆ ಅದೇ ದಿನ ಹೊರಡಿ. ಆಟಿಕೆಯ ಗುಂಡಿ ಬ್ಯಾಟರಿ ಕಿವಿಗೆ ಹೋದರೂ ಅಷ್ಟೇ ತುರ್ತು. ನೀರು, ಎಣ್ಣೆ, ಡ್ರಾಪ್ಸ್ ಏನೂ ಹಾಕದೆ ಓಡಿ. ಅದು ಕೆಲವೇ ತಾಸಿನಲ್ಲಿ ಒಳಗಿನ ಚರ್ಮ ಸುಡುತ್ತದೆ.

ಕೀವು ನಿಂತಿತೆಂದು ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ತೂತು ಉಳಿದಿರಬಹುದು. ಮಗು ಟಿವಿ ದನಿ ಏರಿಸುತ್ತಿದ್ದರೆ, ಕರೆದರೆ ಓಗೊಡದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಮುಚ್ಚದ ತೂತಿಗೆ ರೋಗಿಯ ಕಿವಿಯ ಬಳಿಯದೇ ತೆಳುಪೊರೆ ತೆಗೆದು ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದೆ.