‘ಬೇರು ಸಮೇತ ಬರ್ತಾ ಉಂಟು ಡಾಕ್ಟ್ರೇ’

ಉಡುಪಿಯಲ್ಲಿ ನನ್ನದೊಂದು ಸಣ್ಣ ಚರ್ಮರೋಗದ ಕ್ಲಿನಿಕ್ ಇದೆ. ಮಳೆ ಕಡಿಮೆಯಾಗಿ ಅಕ್ಟೋಬರ್ ಬಂತೆಂದರೆ ನನ್ನ ಮೇಜಿನ ಮೇಲೆ ಕೂದಲಿನ ಪೊಟ್ಟಣಗಳು ಬಂದು ಕೂರುತ್ತವೆ. ಕೆಲವರು ಪೇಪರಿನಲ್ಲಿ ಸುತ್ತಿ ತರುತ್ತಾರೆ, ಕೆಲವರು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಒಬ್ಬರು ಏಳು ದಿನದ ಕೂದಲನ್ನು ಏಳು ಪೊಟ್ಟಣ ಮಾಡಿ, ಒಂದೊಂದರ ಮೇಲೂ ತಾರೀಕು ಬರೆದು ತಂದಿದ್ದರು. ಅಷ್ಟು ಶಿಸ್ತು ನನ್ನ ಫೈಲುಗಳಲ್ಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಸಂಜೆ ಕಾಪು ಕಡೆಯ ಹೆಂಗಸೊಬ್ಬರು ಬಂದರು. ಪೊಟ್ಟಣ ಬಿಚ್ಚಿ, ಒಂದೇ ಒಂದು ಕೂದಲು ಎತ್ತಿ, ತುದಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. “ನೋಡಿ ಡಾಕ್ಟ್ರೇ, ಬೇರು ಸಮೇತ ಬರ್ತಾ ಉಂಟು.” ತುದಿಯಲ್ಲಿ ರವೆಯ ಕಣಕ್ಕಿಂತ ಚಿಕ್ಕದೊಂದು ಬಿಳಿ ಚುಕ್ಕೆ. ನಾನು ತಲೆ ನೋಡಿದೆ, ನಾಲ್ಕು ಪ್ರಶ್ನೆ ಕೇಳಿದೆ, “ಇದು ಟೆಲೋಜೆನ್ ಎಫ್ಲುವಿಯಂ, ಹೆದರುವಂಥದ್ದು ಏನೂ ಅಲ್ಲ” ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಹೊರಗೆ ಹೋದವರು ನಮ್ಮ ಸಿಸ್ಟರ್ ಹತ್ತಿರ ಕೇಳಿದರಂತೆ: “ಅಷ್ಟು ಉದ್ದದ ಹೆಸರು ಉಂಟಾದ್ರೆ ದೊಡ್ಡ ಕಾಯಿಲೆಯೇ ಅಲ್ವಾ?”

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಹೆಸರಿಗಿರುವ ಅರ್ಥ ಇಷ್ಟೇ: ಬೆಳೆದು ಮುಗಿದ ಕೂದಲು ಒಟ್ಟಿಗೆ ಉದುರುವುದು. ಇಷ್ಟನ್ನು ಕನ್ನಡದಲ್ಲಿ ಹೇಳಲು ನನಗೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕೂದಲಿನ ವಿಷಯ ಬಂದಾಗ ಮಾತ್ರ ಮೂರನೆಯದೇ ಹೊರಬೀಳುತ್ತಿತ್ತು. ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಗಡೆ ಬಂದವರು ಹೇಳುವ ಮಾತು, ಬಲಗಡೆ ಅದಕ್ಕೆ ನಮ್ಮ ಪುಸ್ತಕದ ಹೆಸರು.

ಮೊದಲ ವಾರವೇ ಒಂದು ವಿಷಯ ಗೊತ್ತಾಯಿತು. ಎಲ್ಲರೂ ಒಳಗೆ ಬರುತ್ತಲೇ “ಕೂದಲು ಹೋಗ್ತಾ ಉಂಟು” ಅನ್ನುತ್ತಾರೆ. ಆದರೆ ಆ ‘ಹೋಗುವುದು’ ಮೂರು ಥರ. ಒಂದು, ಉದುರುವುದು. ಇನ್ನೊಂದು, ತುಂಡಾಗುವುದು. ಮೂರನೆಯದು, ಸಪೂರ ಆಗುವುದು. ನಮ್ಮ ಪುಸ್ತಕಗಳಲ್ಲಿ ಇವಕ್ಕೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಕನ್ನಡದಲ್ಲಿ ಮೂರು ಕ್ರಿಯಾಪದ ಸಾಕು. ಈಗ ನನ್ನ ಮೊದಲ ಪ್ರಶ್ನೆಯೇ ಅದು: “ಉದುರುವುದಾ, ತುಂಡಾಗುವುದಾ, ಸಪೂರ ಆದದ್ದಾ?” ಅರ್ಧ ರೋಗನಿರ್ಣಯ ಅಲ್ಲೇ ಮುಗಿಯುತ್ತದೆ. ತುಂಡಾಗುವುದಾದರೆ ತುದಿಯಲ್ಲಿ ಬಿಳಿ ಚುಕ್ಕೆ ಇರುವುದಿಲ್ಲ, ಪೊರಕೆ ಕಡ್ಡಿ ಮುರಿದ ಹಾಗೆ ಇರುತ್ತದೆ. ಆಗ ಕೇಳಬೇಕಾದದ್ದು ಸ್ಟ್ರೇಟನಿಂಗ್, ಬಣ್ಣ, ಒದ್ದೆ ತಲೆಯನ್ನು ಬಾಚುವ ಅಭ್ಯಾಸ ಇಂಥವನ್ನು.

ಸಪೂರ ಆಗಿದೆ ಎನ್ನುವುದನ್ನು ನಮ್ಮ ಹೆಂಗಸರು ಅಳೆಯುವ ರೀತಿಯೇ ಬೇರೆ. ಒಬ್ಬರು ಹೇಳಿದರು: “ಮೊದಲು ಒಂದು ಚೆಂಡು ಮಲ್ಲಿಗೆ ಮುಡಿದ್ರೆ ಗಟ್ಟಿ ನಿಲ್ತಿತ್ತು. ಈಗ ಕ್ಲಿಪ್ಪು ಹಾಕಿದ್ರೂ ಜಾರ್ತದೆ.” ಶಂಕರಪುರದ ಮಲ್ಲಿಗೆ ಕಟ್ಟುವ ಮನೆಯವರು. ಬೈತಲೆ ಅಗಲವಾಗುವುದನ್ನು ಮೂರು ಹಂತ ಮಾಡಿದ ಲುಡ್ವಿಗ್ ಅಳತೆ ನಮಗಿದೆ, 1977ರದ್ದು. ಅದನ್ನೂ ಬರೆದುಕೊಂಡೆ, ಮಲ್ಲಿಗೆಯನ್ನೂ ಬರೆದುಕೊಂಡೆ.

ಇನ್ನು ಆ ಬೇರು. ಈ ಒಂದು ಶಬ್ದದ ಜೊತೆ ನಾನು ತಿಂಗಳುಗಟ್ಟಲೆ ಗುದ್ದಾಡಿದೆ. ಯಾಕೆಂದರೆ ಎಲ್ಲ ಹೆದರಿಕೆ ಕೂತಿರುವುದು ಅಲ್ಲೇ. ಗಿಡ ಬೇರು ಸಮೇತ ಬಂದರೆ ಕಥೆ ಮುಗಿಯಿತು. ಕೂದಲು ಹಾಗಲ್ಲ. ಆ ಬಿಳಿ ಚುಕ್ಕೆ ಬೇರು ಅಲ್ಲವೇ ಅಲ್ಲ, ಬೆಳವಣಿಗೆ ಮುಗಿದ ಕೂದಲಿನ ಒಣಗಿದ ತೊಟ್ಟು. ಹೊಸ ಕೂದಲನ್ನು ಹುಟ್ಟಿಸುವ ಭಾಗ ಚರ್ಮದ ಒಳಗೇ ಉಳಿದಿರುತ್ತದೆ. ನಿಜವಾಗಿ ಬೆಳೆಯುತ್ತಿರುವ ಕೂದಲನ್ನು ಕಿತ್ತರೆ ತುದಿ ಕಪ್ಪಗೆ, ಸುತ್ತ ಲೋಳೆಯಂಥ ಪೊರೆ ಇರುತ್ತದೆ, ನೋವೂ ಆಗುತ್ತದೆ. ಬಾಚಣಿಗೆಯಲ್ಲಿ ಬಂದದ್ದು ನೋಯುವುದಿಲ್ಲ.

ಒಳಗೆ ಉಳಿಯುವ ಆ ಚೀಲಕ್ಕೆ ಪುಸ್ತಕದ ಕನ್ನಡದಲ್ಲಿ ‘ರೋಮಕೂಪ’ ಎಂಬ ಹೆಸರಿದೆ. ನಾನು ಅದನ್ನೇ ಬಳಸಿದೆ, ಯಾರೂ ಹಿಡಿಯಲಿಲ್ಲ. ಒಂದು ದಿನ ಸುಮ್ನೆ “ಕೂದಲಿನ ಬಾವಿ” ಎಂದೆ. ಕೂಪ ಅಂದರೆ ಬಾವಿಯೇ ತಾನೇ. ಎದುರಿಗಿದ್ದ ಅಜ್ಜಿ ತಕ್ಷಣ, “ಬಾವಿ ಇದ್ರೆ ನೀರು ಬಂದೀತು ಬಿಡಿ” ಎಂದರು. ಮನೆಗೊಂದು ಬಾವಿ ಇರುವ ಊರಿನಲ್ಲಿ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ಹುಟ್ಟುವಾಗ ಎಷ್ಟು ಬಾವಿ ಇದ್ದವೋ ಅಷ್ಟೇ, ತಲೆಯಲ್ಲಿ ಸುಮಾರು ಒಂದು ಲಕ್ಷ. ಹೊಸದು ತೋಡಲು ಯಾವ ಎಣ್ಣೆಗೂ ಆಗುವುದಿಲ್ಲ.

ತೊಟ್ಟು ಎನ್ನುವ ಮಾತು ಮಾತ್ರ ನನ್ನದಲ್ಲ, ನಮ್ಮ ಸಿಸ್ಟರ್ ಕೊಟ್ಟದ್ದು. ಅವರ ಮನೆಯಲ್ಲಿ ತೆಂಗಿನ ತೋಟ ಉಂಟು. ಒಬ್ಬ ಹುಡುಗಿಗೆ ಅವರು ಹೇಳುತ್ತಿದ್ದುದು ನನಗೆ ಪರದೆಯ ಆಚೆಯಿಂದ ಕೇಳಿತು: “ಒಣಗಿದ ಮಡಲು ತೊಟ್ಟು ಸಮೇತ ಕಳಚಿ ಬೀಳ್ತದಲ್ಲ, ಮರ ಸಾಯ್ತದಾ? ಸುಳಿ ಸರಿ ಇದ್ರೆ ಆಯ್ತು.” ನಾನು ಆ ಹುಡುಗಿ ಹೋದ ಮೇಲೆ ನೋಟ್‌ಬುಕ್ ತೆರೆದೆ. ಎಷ್ಟು ಸರಿಯಾದ ಹೋಲಿಕೆ ಎಂದರೆ, ಬಾವಿಯೇ ಕಲೆಗಟ್ಟಿ ಮುಚ್ಚಿಹೋಗುವ ಅಪರೂಪದ ಕಾಯಿಲೆಗಳೂ ಇವೆ. ಅವನ್ನು ಸುಳಿ ಕೊಳೆಯುವುದಕ್ಕೆ ಹೋಲಿಸಬಹುದು. ಅಲ್ಲಿ ಮಾತ್ರ ತಡ ಮಾಡಬಾರದು. ಚರ್ಮ ನುಣುಪಾಗಿ, ಬಾವಿಯ ಬಾಯಿಯೇ ಕಾಣದಿದ್ದರೆ ಆವತ್ತೇ ಔಷಧಿ ಶುರು.

ಕೂದಲಿನ ಮೂರು ಹಂತಗಳಿಗೆ ಅನಾಜೆನ್, ಕ್ಯಾಟಜೆನ್, ಟೆಲೋಜೆನ್ ಎಂದು ಹೆಸರು. 1926ರಲ್ಲಿ ಡ್ರೈ ಎನ್ನುವವರು ಇಲಿಯ ತುಪ್ಪಳದ ಮೇಲೆ ಕೆಲಸ ಮಾಡುತ್ತಾ ಇಟ್ಟದ್ದು. ನಾನು ಇವನ್ನು ‘ಬೆಳೆಯುವ ಕೂದಲು, ನಿಂತ ಕೂದಲು, ಹೊರಡುವ ಕೂದಲು’ ಎಂದು ಮಾಡಿಕೊಂಡೆ. ಬೆಳೆಯುವುದು ಎರಡರಿಂದ ಆರು ವರ್ಷ, ನಿಲ್ಲುವುದು ಎರಡು ಮೂರು ವಾರ, ಹೊರಡಲು ಕಾಯುವುದು ಸುಮಾರು ಮೂರು ತಿಂಗಳು. ದಿನಕ್ಕೆ 50ರಿಂದ 100 ಕೂದಲು ಹೊರಡುವುದು ಲೆಕ್ಕದೊಳಗೇ. ಜ್ವರವೋ ಹೆರಿಗೆಯೋ ಆಪರೇಶನ್ನೋ ಆದಾಗ, ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ಹೊರಡುವ ಸಾಲಿಗೆ ಹೋಗಿ ನಿಲ್ಲುತ್ತವೆ. ಬೀಳುವುದು ಎರಡು ಮೂರು ತಿಂಗಳ ಮೇಲೆ. ಕ್ಲಿಗ್ಮನ್ 1961ರಲ್ಲಿ ಆ ಉದ್ದದ ಹೆಸರನ್ನು ಇಟ್ಟದ್ದು ಇದಕ್ಕೇ.

ನಮ್ಮಲ್ಲಿ ಜುಲೈಯಲ್ಲಿ ಡೆಂಗ್ಯೂ ಬಂದವರ ಕೂದಲು ಅಕ್ಟೋಬರಿನಲ್ಲಿ ಉದುರುತ್ತದೆ. ಆದರೆ ಬೈಗುಳ ತಿನ್ನುವುದು ಹೋದ ವಾರ ಬದಲಿಸಿದ ಶಾಂಪೂ, ಅಥವಾ ಬೋರಿನ ನೀರು. ಕಾಪುವಿನ ಆ ಹೆಂಗಸರಿಗೂ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಹತ್ತು ದಿನ ಜ್ವರ ಬಂದಿತ್ತು. ಈಗ ನಾನು “ಯಾವಾಗಿನಿಂದ ಉದುರುತ್ತಿದೆ” ಎಂದು ಕೇಳಿ ನಿಲ್ಲಿಸುವುದಿಲ್ಲ. “ಅದಕ್ಕೆ ಮೂರು ತಿಂಗಳು ಮೊದಲು ಮನೆಯಲ್ಲಿ ಎಂತ ಆಗಿತ್ತು?” ಎಂದೂ ಕೇಳುತ್ತೇನೆ. ಬಾಣಂತಿಯೊಬ್ಬರ ಅಮ್ಮ ಇದಕ್ಕೆ ಉತ್ತರ ಮೊದಲೇ ಇಟ್ಟುಕೊಂಡಿದ್ದರು: ಮಗು ಮುಖ ನೋಡಿ ನಗಲು ಶುರು ಮಾಡಿದಾಗ ತಾಯಿಯ ಕೂದಲು ಉದುರುತ್ತದೆ ಎಂದು. ಮಗು ನಗುವ ಹೊತ್ತು ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಕೆಲವು ಶಬ್ದಗಳು ನಮ್ಮಲ್ಲೇ ಇದ್ದವು, ನಾನು ಮರೆತಿದ್ದೆ. ಮೈಮೇಲಿನ ನಯವಾದ, ಬಣ್ಣವಿಲ್ಲದ ಕೂದಲಿಗೆ ವೆಲ್ಲಸ್ ಎನ್ನುತ್ತೇವೆ. ಅದಕ್ಕೆ ಕನ್ನಡ ಹುಡುಕುತ್ತಾ ಇದ್ದಾಗ ನಮ್ಮ ಮಾವ, ನಿವೃತ್ತ ಕನ್ನಡ ಮೇಷ್ಟ್ರು, “ನವಿರು ಅನ್ನು” ಎಂದರು. ನವಿರೇಳುವುದು ಎನ್ನುತ್ತೇವಲ್ಲ, ಅದೇ ನವಿರು. ಬಾವಿಯ ಪಕ್ಕದ ಪುಟ್ಟ ಸ್ನಾಯು ಜಗ್ಗಿದಾಗ ನವಿರು ಎದ್ದು ನಿಲ್ಲುತ್ತದೆ. ಅಂಗರಚನೆಯ ಒಂದು ಪಾಠವೇ ಒಂದು ಶಬ್ದದೊಳಗೆ!

ನವಿರು ಸಿಕ್ಕಿದ ಮೇಲೆ ಇನ್ನೊಂದು ಕಷ್ಟದ ವಿಷಯ ಸಲೀಸಾಯಿತು. ಗಂಡಸರ ಬೋಳುತಲೆಯಲ್ಲಿ ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸೊರಗಿ ಸೊರಗಿ ಕೊನೆಗೆ ನವಿರಾಗುತ್ತದೆ. ಕೆಲವು ಹೆಂಗಸರ ಗಲ್ಲದಲ್ಲಿ ಉಲ್ಟಾ: ಇದ್ದ ನವಿರು ದಪ್ಪ ಕೂದಲಾಗುತ್ತದೆ. ಎರಡಕ್ಕೂ ಹಿಂದೆ ಇರುವುದು ಒಂದೇ ಜಾತಿಯ ಹಾರ್ಮೋನು. ಈ ಮಾತು ಕೇಳಿ ಒಬ್ಬರು, “ತಲೆಗೆ ಬೇಡ, ಗಲ್ಲಕ್ಕೆ ಬೇಕಾ ಅದಕ್ಕೆ?” ಎಂದು ನಕ್ಕರು. ಆವರೆಗೆ ಅವರು ಶಾಲು ಗಲ್ಲದಿಂದ ಕೆಳಗೆ ಇಳಿಸಿರಲಿಲ್ಲ.

ಹೇನು, ಸೀರು, ಹೊಟ್ಟು ಇವಕ್ಕೆ ನಾನು ಏನೂ ಮಾಡಬೇಕಾಗಲಿಲ್ಲ. ಉಗುರಿನಿಂದ ತಳ್ಳಿದರೆ ಉದುರುವುದು ಹೊಟ್ಟು, ಕೂದಲಿಗೆ ಅಂಟಿ ಕೂತರೆ ಸೀರು. ಇದು ಅಮ್ಮಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ತಪ್ಪಿದ್ದು ಬೇರೆ ಕಡೆ. ಏಳು ವರ್ಷದ ಹುಡುಗಿ, ತಲೆಯಲ್ಲಿ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಎರಡು ಬೋಳು ಕಲೆ. ನುಣ್ಣಗೆ, ಹೊಟ್ಟಿಲ್ಲ, ತುರಿಕೆ ಇಲ್ಲ. ಅಂಚಿನಲ್ಲಿ ಮೇಲೆ ದಪ್ಪ, ಬುಡದಲ್ಲಿ ಸಪೂರ ಆದ ಗಿಡ್ಡ ಕೂದಲು. ಅಲೊಪೇಶಿಯಾ ಏರಿಯೇಟಾ. ದೇಹದ ಕಾವಲು ವ್ಯವಸ್ಥೆ ತನ್ನದೇ ಕೂದಲಿನ ಬಾವಿಯ ಮೇಲೆ ತಿರುಗಿಬೀಳುವುದು. ಅಲೊಪೇಶಿಯಾ ಎಂಬ ಶಬ್ದ ಬಂದದ್ದು ನರಿಯ ಗ್ರೀಕ್ ಹೆಸರಿನಿಂದ, ಕಜ್ಜಿ ಹತ್ತಿ ರೋಮ ಉದುರಿದ ನರಿ. ನಮ್ಮಲ್ಲಿ ‘ಹುಳ ತಿಂದಿದೆ’ ಎನ್ನುತ್ತಾರೆ. ನಾನು ಶಾಲೆಗೆ ಕೊಡಲು ಇಂಗ್ಲಿಷಿನಲ್ಲಿ ಎರಡು ಸಾಲಿನ ಚೀಟಿ ಬರೆದೆ. ಅಮ್ಮ ಶಾಲೆಯಲ್ಲಿ ಬಾಯಿಮಾತಿಗೆ “ಹುಳ ತಿಂದದ್ದಂತೆ” ಎಂದರು. ಶಾಲೆಯವರು ಅದನ್ನು ಗಜಕರ್ಣ, ಅಂದರೆ ಅಂಟುವ ಫಂಗಸ್, ಎಂದುಕೊಂಡರು. ಮಗು ಎರಡು ವಾರ ಕ್ಲಾಸಿಗೆ ಹೋಗಲಿಲ್ಲ. ಹೋದ ಮೇಲೂ ಕೆಲವು ದಿನ ಕೊನೆಯ ಬೆಂಚಿನಲ್ಲಿ ಒಬ್ಬಳೇ.

ಚೀಟಿಯಲ್ಲಿ ಇದ್ದದ್ದು ಸರಿಯೇ. ಆದರೆ ಓದುವವರಿಗೆ ಬೇಕಾದ ಒಂದೇ ವಾಕ್ಯ ಅದರಲ್ಲಿ ಇರಲಿಲ್ಲ. ಈಗ ನಾನು ಕನ್ನಡದಲ್ಲೇ ಬರೆಯುತ್ತೇನೆ: “ಇದು ಹುಳ ಅಲ್ಲ, ಫಂಗಸ್ ಅಲ್ಲ. ಮುಟ್ಟಿದರೆ, ಒಂದೇ ಬಾಚಣಿಗೆ ಬಳಸಿದರೆ, ಹತ್ತಿರ ಕೂತರೆ ಅಂಟುವುದಿಲ್ಲ. ಕೂದಲಿನ ಬಾವಿ ಉಳಿದಿದೆ.” ಕಾಯಿಲೆಯ ಹೆಸರು ಕೆಳಗೆ, ಸಣ್ಣ ಅಕ್ಷರದಲ್ಲಿ.

ನೋಟ್‌ಬುಕ್ಕಿನಿಂದ ಕೊನೆಗೆ, ಬಂದವರಿಗೆ ಕೊಡಲು, ಎರಡು ಪುಟದ ಒಂದು ಹಾಳೆ ಆಯಿತು. ಬರೆದದ್ದನ್ನು ಮೊದಲು ಸಿಸ್ಟರ್ ಓದಿದರು, ಆಮೇಲೆ ಕ್ಲಿನಿಕ್ ಗುಡಿಸುವ ಅಕ್ಕ. ಅಕ್ಕ ಎಲ್ಲಿ ನಿಲ್ಲಿಸಿ “ಹಾಗೆಂದ್ರೆ?” ಎಂದರೋ ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ. ಮೊದಲ ಸಲ ಹದಿನೇಳು ಗೆರೆ ಬಿತ್ತು. ‘ವಂಶವಾಹಿ’ ಹೋಯಿತು, ‘ಅಜ್ಜನಿಂದಲೋ ಅಜ್ಜಿಯಿಂದಲೋ ಬಂದದ್ದು’ ಬಂತು. ‘ಶಿರಚರ್ಮ’ ಹೋಗಿ ‘ತಲೆಯ ಚರ್ಮ’ ಆಯಿತು. ಹಾರ್ಮೋನು, ವಿಟಮಿನ್, ಥೈರಾಯ್ಡ್ ಇವನ್ನು ಯಾರೂ ಕೇಳಲಿಲ್ಲ, ಅವೆಲ್ಲ ಈಗ ಕನ್ನಡವೇ. ಮಿನಾಕ್ಸಿಡಿಲ್ ಕೂಡ ಹಾಗೇ ಇಟ್ಟೆ. ಅದು ಬಿಪಿಯ ಮಾತ್ರೆಯಾಗಿ ಬಂದು, ತೆಗೆದುಕೊಂಡವರಿಗೆ ಕೂದಲು ಬೆಳೆದದ್ದರಿಂದ ತಲೆಗೆ ಹಚ್ಚುವ ಔಷಧಿಯಾದ ಕಥೆಯನ್ನು ಎರಡು ಸಾಲಿನಲ್ಲಿ ಸೇರಿಸಿದೆ. ಹಚ್ಚಲು ಶುರು ಮಾಡಿದ ಕೆಲವು ವಾರ ಉದುರುವುದು ಜಾಸ್ತಿಯಾಗಬಹುದು ಎನ್ನುವುದನ್ನು ದಪ್ಪಕ್ಷರದಲ್ಲಿ. ಇದನ್ನು ಹೇಳದೆ ಕಳಿಸಿದ್ದಕ್ಕೆ ಮೊದಮೊದಲು ನಾನು ತಿಂದ ಬೈಗುಳ ಸಾಕಷ್ಟಿದೆ.

ಇನ್ನೂ ಒಂದು ಜಾಗ ಖಾಲಿ ಉಂಟು. ತಮ್ಮ ಕೂದಲನ್ನು ತಾವೇ ಕೀಳುವ ಮಕ್ಕಳಿರುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ, ಕೆಲವೊಮ್ಮೆ ತಮಗೇ ಗೊತ್ತಿಲ್ಲದ ಹಾಗೆ. 1889ರಲ್ಲಿ ಹಾಲೊಪೋ ಎಂಬ ಫ್ರೆಂಚ್ ಡಾಕ್ಟರು ಇಟ್ಟ ಹೆಸರು ಟ್ರೈಕೊಟಿಲೊಮೇನಿಯಾ. ಕೊನೆಯ ಭಾಗವನ್ನು ಕನ್ನಡಕ್ಕೆ ತಂದರೆ ‘ಹುಚ್ಚು’ ಆಗುತ್ತದೆ, ಅದನ್ನು ನಾನು ಬರೆಯುವುದಿಲ್ಲ. ‘ಚಟ’ ಎಂದು ಬರೆದೆ, ಅಕ್ಕ ಮುಖ ಸಿಂಡರಿಸಿದರು, ಕುಡಿತದ ನೆನಪಾಗುತ್ತದಂತೆ. ‘ಅಭ್ಯಾಸ’ ಎಂದರೆ, “ಅಭ್ಯಾಸ ತಾನೇ, ನಾಲ್ಕು ಬಿಗಿದ್ರೆ ಬಿಡ್ತಾಳೆ” ಎಂದು ಒಬ್ಬ ತಂದೆ ನನ್ನ ಎದುರೇ ಹೇಳಿದರು. ಸದ್ಯಕ್ಕೆ ಆ ಹಾಳೆಯಲ್ಲಿ ‘ಕೈ ತಾನಾಗಿ ಕೂದಲಿಗೆ ಹೋಗುವ ತೊಂದರೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಉದ್ದ ಆಯಿತು ಎನ್ನುತ್ತಾರೆ ಮಾವ. ಸಿಸ್ಟರ್ ಇನ್ನೂ ಓದಿಲ್ಲ.